ಅತ್ತೆ ಬಿಚ್ಚಿಟ್ಟ ಬೆಲ್ಟು

ಮಕ್ಕಳಾಗಲೆಂದು ಮಾಡಿಸಿದ ಚಿಕಿತ್ಸೆ ಮೂರನೇ ಸಲಕ್ಕೆ ಫಲಿಸಿತ್ತು. ಬಳ್ಳಾರಿಯಲ್ಲಿ ಮೊದಲ ಸ್ಕ್ಯಾನಿಂಗಿಗೆ ಮಲಗಿದಾಗ ನಾನು ನಗುತ್ತಲೇ ಇದ್ದೆ. ಡಾಕ್ಟರಮ್ಮ ನಗಲಿಲ್ಲ. ಮಗುವಿನ ಸುತ್ತಲಿನ ಚೀಲ ಚಿಕ್ಕದಾಗಿದೆ, ಎದೆಬಡಿತವೂ ನಿಧಾನ, ಹತ್ತು ದಿನ ಬಿಟ್ಟು ನೋಡೋಣ ಎಂದರು. ಉಳಿಯಬಹುದು, ಉಳಿಯದೆಯೂ ಇರಬಹುದು. ಬೇರೆಯವರಾದರೆ ಬಸಿರಾದ ದಿನದ ಲೆಕ್ಕ ತಪ್ಪಿರಬೇಕು ಎಂದುಕೊಂಡು ಸಮಾಧಾನಪಡಬಹುದು. ನನಗೆ ಅದೂ ಇರಲಿಲ್ಲ. ಭ್ರೂಣವನ್ನು ಒಳಗಿಟ್ಟ ದಿನ ಅವರ ಫೈಲಿನಲ್ಲೇ ಇತ್ತು.

ನಮ್ಮದು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿದುಕೊಡುವ ಮನೆ. ನಡುಮನೆಯಲ್ಲಿ ಎರಡು ಮಷಿನ್, ಒಂದು ಅತ್ತೆಯದು, ಒಂದು ನನ್ನದು. ಗಂಡನೂ ನಾನೂ ಬಳ್ಳಾರಿಯಿಂದ ಮರಳಿದ ಸಂಜೆಯೇ ಅತ್ತೆ ನನ್ನ ಮಷಿನ್ನಿನ ಚಕ್ರ ತಿರುಗಿಸುವ ಬೆಲ್ಟು ಬಿಚ್ಚಿ ತಮ್ಮ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು. ಮಷಿನ್ ತುಳಿದರೆ ಬಸಿರು ನಿಲ್ಲುವುದಿಲ್ಲವಂತೆ. ನನಗೆ ಮೈಯೆಲ್ಲ ಉರಿಯಿತು. ಕೈಗೆ ಕೆಲಸವೊಂದಿದ್ದರೆ ಆ ಹತ್ತು ದಿನ ತಲೆ ನೆಟ್ಟಗಿರುತ್ತಿತ್ತು. ಅದನ್ನೂ ಕಿತ್ತುಕೊಂಡರಲ್ಲ ಎಂದು ಅವರೊಡನೆ ಮಾತು ಬಿಟ್ಟೆ. ಅವರು ನನ್ನ ಪಾಲಿನ ಜೇಬುಗಳನ್ನೂ ತಾವೇ ಹೊಲಿದರು. ರಾಗಿ ಅಂಬಲಿ ತಂದಿಟ್ಟು ನಾನು ಕುಡಿಯುವತನಕ ಎದುರಿಗೇ ನಿಂತರು.

ಎರಡನೇ ಸ್ಕ್ಯಾನಿನಲ್ಲಿ ಚೀಲ ಬೆಳೆದಿತ್ತು, ಎದೆಬಡಿತ ಓಡುತ್ತಿತ್ತು. ತೆರೆಯ ಮೇಲೆ ಅಕ್ಕಿಕಾಳಿನಷ್ಟು ಬೆಳಕು ಪಟಪಟ ಮಿನುಗಿತು. ಅದೇ ಈಗ ಮೂರು ವರ್ಷದವಳಾಗಿ ನನ್ನ ಕತ್ತರಿ ಬಚ್ಚಿಡುತ್ತಾಳೆ. ಆ ಡಾಕ್ಟರಮ್ಮನಿಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಅಂದು ಅಳುತ್ತಳುತ್ತಲೇ, ಅತ್ತೆಯನ್ನು ಸೋಲಿಸುವ ಹಟಕ್ಕೆ, ಮಷಿನ್ ತುಳಿದರೆ ಬಸಿರು ಹೋಗುತ್ತದೆಯೇ ಎಂದು ಕೇಳಿಯೇಬಿಟ್ಟೆ. ಇಲ್ಲ, ಮೊದಲ ತಿಂಗಳುಗಳಲ್ಲಿ ಹೋಗುವುದು ಹೆಚ್ಚಾಗಿ ಭ್ರೂಣದೊಳಗಿನ ದೋಷದಿಂದ, ತಾಯಿ ಮಾಡಿದ ಕೆಲಸದಿಂದಲ್ಲ ಎಂದರು.

ಮನೆಗೆ ಬಂದವಳೇ ಮೊದಲು ಸಿಹಿಸುದ್ದಿ, ಹಿಂದೆಯೇ ಈ ಮಾತು ಒಪ್ಪಿಸಿ, ಈಗೇನನ್ನುತ್ತೀರಿ ಎಂಬಂತೆ ನಿಂತೆ. ಅತ್ತೆ ಮಷಿನ್ ನಿಲ್ಲಿಸಿದರು.

"ಹಂಗಾದ್ರ ನನ್ನ ಚೊಚ್ಚಲದ್ದು ನಾ ತುಳಿದಿದ್ದಕ್ಕ ಹೋಗಿದ್ದಲ್ಲೇನು?"

ನನ್ನ ಗಂಡನಿಗಿಂತ ಮುಂಚೆ ಅವರಿಗೊಂದು ಬಸಿರು ಹೋಗಿತ್ತೆಂದು ಆತನಕ ಯಾರೂ ಹೇಳಿರಲಿಲ್ಲ. ನನ್ನ ಜಂಬವೆಲ್ಲ ಇಳಿದುಹೋಯಿತು.

"ಅಲ್ರಿ ಅತ್ತಿ. ನಿಮ್ಮಿಂದ ಅಲ್ಲ."

"ಇನ್ನೊಂದ್ಸಲ ಹೇಳು."

ಹೇಳಿದೆ. ಜಗಳಕ್ಕೆಂದು ಕೇಳಿ ತಂದ ಮಾತು ಅದು; ಅದನ್ನು ಕೇಳುವಂತೆ ಮಾಡಿದ ನನ್ನ ಕೋಪಕ್ಕೂ ನಾನು ಋಣಿ. ಅತ್ತೆ ಎಲೆಅಡಿಕೆ ಚೀಲದಿಂದ ಬೆಲ್ಟು ತೆಗೆದರು, ಅಂಟಿದ್ದ ಸುಣ್ಣವನ್ನು ಸೆರಗಿನಿಂದ ಒರೆಸಿದರು, ತಾವೇ ಬಗ್ಗಿ ನನ್ನ ಮಷಿನ್ನಿಗೆ ತೊಡಿಸಿದರು.