ಇಲ್ದೋನ ಬೂಟಿನ ಗೆರೆ

ನಮ್ಮ ಅಳಿಯ ಇಲ್ದೋನನ್ನು ಮುಖ ನೋಡಿ ಗುರುತಿಸಲು ಹೋಗಬೇಡಿ, ಬೂಟು ನೋಡಿ; ಮುಖ ಯಾವಾಗಲೂ ನೆಲದ ಕಡೆಗೇ ಇರುತ್ತದೆ. ಚಳಿಗಾಲ ಬಂತೆಂದರೆ ಸೋಯಾ ಕೊಯ್ದ ಹೊಲದಲ್ಲೆಲ್ಲ ಓಟ್ಸ್ ಹುಲ್ಲು, ಹುಲ್ಲಿನಲ್ಲಿ ಮಾಂಸಕ್ಕೆಂದು ಕೊಬ್ಬಿಸುವ ಹೋರಿಗಳು, ಹೋರಿಗಳ ನಡುವೆ ಇವನು. ಬೂಟಿನ ಮೇಲೆ ಗೇಣೆತ್ತರದಲ್ಲಿ ಚಾಕುವಿನಿಂದ ಗೀರಿದ ಗೆರೆಯೊಂದಿದೆ. ಹುಲ್ಲಿನಲ್ಲಿ ಕಾಲಿಟ್ಟಾಗ ಆ ಗೆರೆ ಕಂಡರೆ ಹುಲ್ಲು ಗಿಡ್ಡವಾಯಿತೆಂದು ಅರ್ಥ, ಹೋರಿಗಳು ಹೊರಗೆ. ಇಬ್ಬನಿ ಹೆಪ್ಪುಗಟ್ಟಿದರೆ ಹುಲ್ಲು ಸುಟ್ಟೀತೆಂದು ಚಿಂತೆ, ಮಳೆ ಬಂದರೆ ಗೊರಸು ನೆಲ ತುಳಿದು ಗಟ್ಟಿ ಮಾಡೀತೆಂದು ಚಿಂತೆ, ಎರಡೂ ಬರದಿದ್ದರೆ ಯಾಕೆ ಬರಲಿಲ್ಲವೆಂದು ಚಿಂತೆ. ಚರ್ಚಿನಲ್ಲಿ ಮೊಣಕಾಲೂರಿದಾಗಲೂ, ಮಳೆ ಹನಿಯಿತೇ ಎಂದು ಒಂದು ಕಿವಿ ಮಾಡಿನ ಹೆಂಚಿನ ಮೇಲೆ. ಬಿಸಿಬಿಸಿ ಕುಡಿಯಬೇಕಾದ ಶಿಮರಾಂವ್ ಎಲೆಕಷಾಯ ಸೋರೆಬುರುಡೆಯಲ್ಲೇ ಆರಿಹೋಗುತ್ತದೆ. ಆ ಬುರುಡೆ ನನ್ನ ತಾಯಿಯದು, ಇರಲಿ ಬಿಡಿ. ಒಮ್ಮೆ ಬೂಟು ರಿಪೇರಿಯವನು ದಪ್ಪ ಅಟ್ಟೆ ಹಾಕಿಬಿಟ್ಟ. "ಅಯ್ಯೋ ಅತ್ತೆ, ಗೆರೆ ಮೇಲಕ್ಕೆ ಹೋಯ್ತಲ್ಲ, ಇನ್ನು ಯಾವುದನ್ನ ನಂಬ್ಲಿ!" ಎಂದು ಅಟ್ಟೆ ಕೀಳಿಸಿದ. ಮೊನ್ನೆ ದಲ್ಲಾಳಿ ದಾರ್ಸಿ ಬಂದು, "ಇನ್ನೊಂದ್ ವಾರ ಮೇಯ್ಸೋ ಮಾರಾಯ, ಬೆನ್ ಮೇಲೆ ಕೊಬ್ಬು ಕೂರ್ಲಿ, ಒಳ್ಳೇ ರೇಟ್ ಕೊಡ್ತೀನಿ" ಅಂದ. ಇಲ್ದೋ ಹುಲ್ಲಿನಲ್ಲಿ ಕಾಲಿಟ್ಟ, ಗೆರೆ ಕಂಡಿತು. "ಇವತ್ತೇ ಲಾರಿಗೆ ಹತ್ಸು" ಅಂದ. "ಹೆಂಡ್ತಿ ಮಾತು ಕೇಳೋರ್ನ ನೋಡಿದ್ದೆ, ಬೂಟಿನ ಮಾತು ಕೇಳೋನು ನೀನೊಬ್ನೇ ಕಣೋ" ಎಂದು ದಾರ್ಸಿ ನಕ್ಕ. ನನಗೆ ನಗು ಬರಲಿಲ್ಲ. ಆ ಬೂಟು ಇಲ್ದೋನಿಗೆ ದೊಡ್ಡದು, ತುದಿಗೆ ಬಟ್ಟೆ ತುರುಕಿಕೊಳ್ಳುತ್ತಾನೆ. ಅದು ಅವನ ಅಪ್ಪನದು. ಅಪ್ಪ ಒಂದು ವರ್ಷ ಕೊಬ್ಬಿನಾಸೆಗೆ ಹುಲ್ಲನ್ನು ಬುಡದವರೆಗೂ ಮೇಯಿಸಿದ್ದ. ಸೋಯಾ ಬಿತ್ತಿದ ಮೇಲೆ ಬಂದ ಮೊದಲ ಮಳೆಗೇ ಆ ಬೋಳು ನೆಲದ ಮಣ್ಣು, ಬೀಜ ಎರಡೂ ಹಳ್ಳ ಸೇರಿದವು. ಅಪ್ಪ ಹಳ್ಳಕ್ಕಿಳಿದು ನೋಡಿ ಮೇಲೆ ಬಂದು, ಬೂಟು ಬಿಚ್ಚಿ, ಆ ಗೆರೆ ಗೀರಿ, ಮಗನ ಮುಂದಿಟ್ಟ. ಮತ್ತೆ ಹೊಲಕ್ಕೆ ಇಳಿಯಲೇ ಇಲ್ಲ.