ಗೇಟಿಗೆ ತೂಗುಹಾಕಿದ ಕೊಡೆ

ಆ ಕಾಲದ ಜನ ಎಷ್ಟು ಒಳ್ಳೆಯವರು, ಒಬ್ಬರ ಕಷ್ಟಕ್ಕೆ ಒಬ್ಬರು ಆಗುತ್ತಿದ್ದರು ಎಂದು ಯಾರಾದರೂ ಶುರು ಮಾಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಕಾಲವನ್ನು ನಾನು ಕಣ್ಣಾರೆ ಕಂಡವಳು. ಕಷ್ಟ ಬಂದಾಗ ಎಷ್ಟು ಜನ ಆಗುತ್ತಿದ್ದರೋ ಕಾಣೆ, ಕಷ್ಟ ಮುಗಿದ ಮೇಲೆ ಜಗಲಿಯಲ್ಲಿ ಕೂತು ಅದರ ವಿಚಾರ ಮಾತಾಡುವುದಕ್ಕಂತೂ ಊರಿಗೆ ಊರೇ ಆಗುತ್ತಿತ್ತು.

ನಾನು ಹೊಳೆನರಸೀಪುರದ ಹುಡುಗಿ. ಮದುವೆಯಾಗಿ ಅರಕಲಗೂಡಿಗೆ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಮಾವ ಇರಲಿಲ್ಲ. ಮನೆಯಲ್ಲಿ ಅತ್ತೆ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ, ಮತ್ತು ಅವರ ತಂಗಿ. ನಾನು ಬಂದ ಎರಡನೆಯ ವರ್ಷ ಆ ನಾದಿನಿಗೂ ಮದುವೆಯಾಗಿ ಭದ್ರಾವತಿಗೆ ಹೋದಳು. ನಮ್ಮ ಬೀದಿಯ ಸುದ್ದಿ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಹುಟ್ಟಿ, ಮಧ್ಯಾಹ್ನ ಪೇಟೆಯ ಕಾಫಿ ಹೋಟೆಲಿಗೆ ಹೋಗಿ, ಸಂಜೆಗೆ ಕೈಕಾಲು ಬೆಳೆಸಿಕೊಂಡು ದೇವಸ್ಥಾನದ ಜಗಲಿಗೆ ವಾಪಸು ಬರುತ್ತಿತ್ತು. ನಾನು ಬಂದ ಹೊಸದರಲ್ಲಿ ನನ್ನ ವಿಷಯವಾಗಿ ಹೊರಟ ಮೊದಲ ಸುದ್ದಿ, ಹೊಳೆನರಸೀಪುರದ ಸೊಸೆಗೆ ನಾಲಿಗೆ ಉದ್ದ ಎಂಬುದು. ಅದು ಸುಳ್ಳೇನೂ ಅಲ್ಲ.

ಅರಕಲಗೂಡಿನಿಂದ ಹಾಸನಕ್ಕೆ ಬೆಳಿಗ್ಗೆ ಒಂದೇ ಸರ್ವಿಸ್ ಬಸ್ಸು. ಅದು ತಪ್ಪಿದರೆ ಮಧ್ಯಾಹ್ನದ ತನಕ ಗತಿಯಿಲ್ಲ. ಕೋರ್ಟಿಗೆ ಹೋಗುವವರು, ಆಲೂಗೆಡ್ಡೆ ಮಂಡಿಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಎಲ್ಲರಿಗೂ ಅದೇ. ಊರು ದಾಟಿ ಎರಡು ಮೂರು ಮೈಲಿ ಹೋದರೆ ರಸ್ತೆಯ ಪಕ್ಕದಲ್ಲಿ ಒಂದು ದೊಡ್ಡ ಮನೆ, ಅದಕ್ಕೊಂದು ಕಬ್ಬಿಣದ ಗೇಟು. ಮನೆಯ ಯಜಮಾನರದು ಹೊಗೆಸೊಪ್ಪಿನ ವ್ಯಾಪಾರ. ಯಾವ ಆಫೀಸಿಗೆ ಹೋದರೂ ಕುರ್ಚಿ ಹಾಕಿಸಿಕೊಳ್ಳುವಷ್ಟು ಅನುಕೂಲಸ್ಥರು, ಮಾತು ಬೆಣ್ಣೆ. ಅವರು ಹಾಸನಕ್ಕೆ ಹೊರಡುವ ದಿನ ಅವರ ಕೊಡೆಯನ್ನು ಆಳುಗಳು ಬೆಳಿಗ್ಗೆಯೇ ತಂದು ಗೇಟಿಗೆ ತೂಗುಹಾಕುತ್ತಿದ್ದರು. ಬೆತ್ತದ ಹಿಡಿ, ಹಿಡಿಗೆ ಬೆಳ್ಳಿಯ ಕಟ್ಟು. ಆ ಕೊಡೆ ಕಂಡರೆ ಬಸ್ಸು ನಿಲ್ಲಬೇಕು. ಯಜಮಾನರು ಸ್ನಾನ ಮುಗಿಸಿ, ಪೂಜೆ ಮುಗಿಸಿ, ತಿಂಡಿ ತಿಂದು, ಎಲೆಯಡಿಕೆ ಹಾಕಿಕೊಂಡು ಬರುವ ತನಕ ನಿಂತೇ ಇರಬೇಕು. ಹಾರ್ನ್ ಒತ್ತುವ ಹಾಗಿಲ್ಲ, ಅವಸರ ಮಾಡಿದ ಹಾಗಾಗುತ್ತದೆ. ಇಳಿದು ಹೋಗಿ ಕೇಳುವ ಹಾಗಿಲ್ಲ, ಅಧಿಕಪ್ರಸಂಗವಾಗುತ್ತದೆ. ಡ್ರೈವರ್ ಎಂಜಿನ್ ಆರಿಸಿ ಬೀಡಿ ಹಚ್ಚುತ್ತಿದ್ದ. ಇದನ್ನು ಯಾರು ಯಾವಾಗ ಶುರು ಮಾಡಿದರೋ ಒಬ್ಬರಿಗೂ ಗೊತ್ತಿರಲಿಲ್ಲ. ಕೇಳಿದರೆ, "ಮೊದಲಿಂದ ಹಾಗೇ" ಎನ್ನುತ್ತಿದ್ದರು.

ನಾದಿನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಳೆಗಾಲ. ಒಂದು ಸಂಜೆ ನೋವು ಕಾಣಿಸಿಕೊಂಡಿತು. ಬೆಳಗಾಗುವ ಹೊತ್ತಿಗೆ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ ಕೈ ತೊಳೆದುಕೊಂಡು ಎದ್ದಳು. "ಕೂಸು ಅಡ್ಡ ತಿರುಗೈತೆ ಕಣ್ರವ್ವ. ನನ್ ಕೈಲಾಗಾಕಿಲ್ಲ. ಆಸನದ ದೊಡ್ಡಾಸ್ಪತ್ರೆಗೆ ಕರ್ಕಂಡೋಗಿ, ತಡ ಮಾಡಬ್ಯಾಡಿ" ಎಂದಳು. ಆ ದಿನಗಳಲ್ಲೆಲ್ಲ ನೇರವಾಗಿ ಮಾತಾಡಿದವಳು ಅವಳೊಬ್ಬಳೇ. ನನ್ನ ಗಂಡ ಸಾಹೇಬರ ಜೊತೆ ಕ್ಯಾಂಪಿಗೆ ಹೋಗಿದ್ದರು. ಊರಿನಲ್ಲಿದ್ದ ಬಾಡಿಗೆ ಕಾರು ಚನ್ನರಾಯಪಟ್ಟಣಕ್ಕೆ ಹೋಗಿತ್ತು. ಅತ್ತೆ, ನಾನು ಸೇರಿ ಅವಳನ್ನು ಕೈಹಿಡಿದು ನಡೆಸಿಕೊಂಡು ಬಂದು ಬಸ್ಸು ಹತ್ತಿಸಿದೆವು. ಮುಂದಿನ ಉದ್ದ ಸೀಟನ್ನು ಬಿಟ್ಟುಕೊಟ್ಟರು, ಇಲ್ಲವೆನ್ನುವುದಿಲ್ಲ. ತಲೆ ನನ್ನ ತೊಡೆಯ ಮೇಲೆ, ಕಾಲು ಅತ್ತೆಯ ತೊಡೆಯ ಮೇಲೆ ಇಟ್ಟು ಮಲಗಿಸಿಕೊಂಡೆವು.

ದೊಡ್ಡ ಮನೆ ಬಂತು. ಗೇಟಿನಲ್ಲಿ ಕೊಡೆ ಇತ್ತು. ಬಸ್ಸು ನಿಂತಿತು.

ಡ್ರೈವರ್ ಎಂಜಿನ್ ಆರಿಸಿದಾಗ ನಾನು ಏನೋ ಕೆಟ್ಟಿತೆಂದೇ ತಿಳಿದೆ. ಬೀಡಿ ಹಚ್ಚಿದಾಗ ಅರ್ಥವಾಯಿತು.

"ಏನಪ್ಪಾ, ಬಸ್ಸಲ್ಲಿ ಏನು ನಡೀತಾ ಇದೆ ಅಂತ ಕಾಣಿಸೋದಿಲ್ಲವೇ? ಬಿಡು ಬಸ್ಸು!" ಎಂದು ಕೂಗಿದೆ.

"ಛತ್ರಿ ಐತಲ್ರಮ್ಮೋರೆ, ಎಂಗೆ ಬುಟ್ಟೋಗಾದು? ಅವ್ರು ಓನರ್‌ಗೆ ಒಂದ್ ಮಾತ್ ಯೋಳುದ್ರೆ ನನ್ ಅನ್ನ ಓಯ್ತದೆ" ಎಂದ. ಅವನ ಮುಖದಲ್ಲೂ ಕಳವಳವಿತ್ತು. ಆದರೂ ಬೀಡಿ ಎಳೆಯುವುದನ್ನು ಬಿಡಲಿಲ್ಲ.

ಬಸ್ಸಿನಲ್ಲಿ ನಮ್ಮ ಬೀದಿಯ ಮೇಷ್ಟರೊಬ್ಬರಿದ್ದರು. ರಿಟೈರಾದವರು. ಊರಿನ ಯಾವ ಸುದ್ದಿಗೂ ಅವರ ಟೀಕೆ ಟಿಪ್ಪಣಿ ಇಲ್ಲದೆ ಗತಿ ಇರಲಿಲ್ಲ. ಅವರು ಹಿಂದಿನಿಂದ ಸಮಾಧಾನ ಹೇಳಿದರು. "ಸ್ವಲ್ಪ ತಾಳ್ಕೋಮ್ಮ. ದೊಡ್ಡವರು, ಪೂಜೇಲಿರ್ತಾರೆ. ಚೊಚ್ಚಲು ಅಂದರೆ ಹಾಗೇನೇ, ಒಂದೆರಡು ದಿನ ನೋವು ಇದ್ದೇ ಇರುತ್ತೆ." ತಾವೇ ಆರು ಹೆತ್ತವರ ಹಾಗೆ.

ಆಮೇಲೆ ಬಸ್ಸಿನ ತುಂಬ ಮಾತು. ಆಲೂಗೆಡ್ಡೆ ಬೆಲೆ ಇಳಿದದ್ದು, ಟೆಂಟ್ ಸಿನಿಮಾ ಮಳೆಗೆ ಸೋರಿದ್ದು, ಯಾರದೋ ಸೊಸೆ ತವರಿಗೆ ಹೋದವಳು ವಾಪಸು ಬಾರದೇ ಇದ್ದದ್ದು, ಮುಂದಿನ ಎಲೆಕ್ಷನ್ನಿಗೆ ಯಾರು ನಿಲ್ಲುತ್ತಾರೆ ಎಂಬುದು. ನಾದಿನಿಯ ನರಳಾಟ ಜೋರಾದಾಗ ಮಾತು ನಿಲ್ಲುತ್ತಿತ್ತು. ನರಳಾಟ ಇಳಿದರೆ ಬಿಟ್ಟಲ್ಲಿಂದಲೇ ಮತ್ತೆ ಶುರು. ಒಬ್ಬಳು ಮುದುಕಿ ತನ್ನ ಚೀಲದಿಂದ ಒಣಶುಂಠಿ ತೆಗೆದುಕೊಟ್ಟಳು. ಇನ್ನೊಬ್ಬರು ಬೀಸಣಿಗೆ ಮಾಡಿಕೊಳ್ಳಿ ಎಂದು ಪೇಪರು ಕೊಟ್ಟರು. ಎಲ್ಲರೂ ಅಯ್ಯೋ ಪಾಪ ಎಂದರು. ಅಯ್ಯೋ ಪಾಪ ಎನ್ನುವ ಬಾಯಿ ಒಂದು ಸಲ "ಹೊರಡೋ" ಎನ್ನಬಾರದೇ? ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

ನಾದಿನಿ ನನ್ನ ಕೈಯನ್ನು ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅಂಗೈ ಕೆಳಗೆ ಮಗು ಒದ್ದಿತು. ಚೆನ್ನಾಗಿ, ಜೋರಾಗಿ ಒದ್ದಿತು. ಅವಳು ನೋವಿನಲ್ಲೂ ನನ್ನ ಮುಖ ನೋಡಿ ಒಂದಿಷ್ಟು ನಕ್ಕಳು.

ಇನ್ನು ತಡೆಯಲಾರದೆ ಅವಳ ತಲೆಯ ಕೆಳಗೆ ಬಟ್ಟೆಯ ಗಂಟು ಇಟ್ಟು ಎದ್ದೆ. ಅತ್ತೆ ನನ್ನ ಸೆರಗು ಹಿಡಿದರು. "ಬೇಡ ಕಣೆ. ಅಂಥವರ ಬಾಗಿಲಿಗೆ ಹೆಂಗಸು ಹೋಗಿ ಜೋರು ಮಾಡಿದರೆ ನಾಳೆ ನನ್ನ ಮಗ ಈ ಊರಲ್ಲಿ ಕೆಲಸ ಮಾಡೋದು ಹೇಗೆ?" ತಮ್ಮ ಮಗಳು ಅಲ್ಲಿ ಒದ್ದಾಡುತ್ತಿರುವಾಗ ಆಡಿದ ಮಾತು ಇದು. ಅವರನ್ನು ಇದೊಂದಕ್ಕೆ ನಾನು ಕೊನೆಯ ತನಕ ಕ್ಷಮಿಸಲಿಲ್ಲ. ಸೆರಗು ಬಿಡಿಸಿಕೊಂಡು ಇಳಿದೆ.

ಗೇಟು ತೆಗೆದು ಒಳಗೆ ಹೋದರೆ ಅಂಗಳ ಗುಡಿಸುತ್ತಿದ್ದ ಹೆಂಗಸೊಬ್ಬಳು, ಕೆಲಸಕ್ಕೆ ಹೊಸಬಳಿರಬೇಕು, ಪೊರಕೆ ಹಿಡಿದೇ ನನ್ನನ್ನು ನೋಡಿದಳು. ಯಜಮಾನರನ್ನು ಬೇಗ ಕಳಿಸಮ್ಮ, ಬಸ್ಸಿನಲ್ಲಿ ಬಸುರಿ ಇದ್ದಾಳೆ ಎಂದೆ.

"ಯಜಮಾನ್ರಾ? ಅವ್ರೆಲ್ಲವ್ರೆ? ನೆನ್ನೆ ಸಂಜೇನೆ ಯಾರ್ದೋ ಕಾರಲ್ಲಿ ಮೈಸೂರ್‌ಗೋದ್ರಲ್ಲ" ಎಂದಳು.

"ಮತ್ತೆ ಕೊಡೆ?"

"ನೆಂದೋಗಿತ್ತು ಅಂತ ನಾನೇ ಒಣಗಾಕಿದ್ದು ಕಣ್ರಮ್ಮ. ಯಾಕೆ?"

ವಾಪಸು ಬಂದು ಕೊಡೆಯನ್ನು ಮುಟ್ಟಿ ನೋಡಿದೆ. ಬಟ್ಟೆ ಇನ್ನೂ ತೇವವಾಗಿತ್ತು. ಅಷ್ಟು ಹೊತ್ತು ಬಸ್ಸಿನ ತುಂಬ ಜನ, ಕಣ್ಣಿದ್ದವರು, ಬುದ್ಧಿಯಿದ್ದವರು, ಓದಿದವರು, ಒಂದು ಒದ್ದೆ ಕೊಡೆಗೆ ಕೈಕಟ್ಟಿ ಕಾದಿದ್ದರು. ಅದನ್ನು ಗೇಟಿನಿಂದ ಕಿತ್ತು ರಸ್ತೆ ಬದಿಯ ಚರಂಡಿಗೆ ಎಸೆದು ಬಸ್ಸು ಹತ್ತಿದೆ. "ಯಜಮಾನರು ಊರಲ್ಲೇ ಇಲ್ಲ. ಇನ್ನಾದರೂ ಹೊರಡು" ಎಂದೆ. ಡ್ರೈವರ್ ಬೀಡಿ ಎಸೆದು ಎಂಜಿನ್ ಶುರು ಮಾಡಿದ. ಹಿಂದಿನಿಂದ ಮೇಷ್ಟರ ದನಿ ಕೇಳಿತು. "ಅಲ್ಲಮ್ಮ, ಬೆಳ್ಳಿ ಕಟ್ಟಿನ ಕೊಡೆ ಅದು!"

ಗೊರೂರು ದಾಟುವ ಹೊತ್ತಿಗೆ ನನ್ನ ಅಂಗೈ ಕೆಳಗೆ ಏನೂ ಅಲುಗುತ್ತಿರಲಿಲ್ಲ. ನಾನು ಕೈ ಜರುಗಿಸಿ ಜರುಗಿಸಿ ನೋಡಿದೆ. ಅತ್ತೆಯ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡು ದೇವರ ನಾಮ ಹೇಳುತ್ತಿದ್ದರು. ಹಾಸನದಲ್ಲಿ ಡಾಕ್ಟರಮ್ಮ ತಾಯಿಯನ್ನು ಉಳಿಸಿದರು, ಅವರಿಗೆ ಕೋಟಿ ನಮಸ್ಕಾರ. ಗಂಡು ಮಗು. ತಲೆತುಂಬ ಕೂದಲಿತ್ತು. ಅವಳಿಗೆ ಇನ್ನು ಮಕ್ಕಳಾಗುವುದಿಲ್ಲ ಎಂದು ನರ್ಸು ನನ್ನೊಬ್ಬಳನ್ನು ಕರೆದು ಹೇಳಿದಳು.

ಅತ್ತೆಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಎರಡು ದಿನದ ಮೇಲೆ ಊರಿಗೆ ಬಂದೆ. ಬಾವಿಕಟ್ಟೆಗೆ ಹೋದರೆ ಅಲ್ಲಿ ಮಗುವಿನ ಸುದ್ದಿಯೇ ಇಲ್ಲ. ಇದ್ದ ಸುದ್ದಿ ಕೊಡೆಯದು. ಗುಮಾಸ್ತರ ಹೆಂಡತಿ ಯಜಮಾನರ ಕೊಡೆಯನ್ನು ಚರಂಡಿಗೆ ಎಸೆದಳಂತೆ. ಸುದ್ದಿ ಪೇಟೆಗೆ ಹೋಗುವ ಹೊತ್ತಿಗೆ ನಾನು ಅದನ್ನು ಮುರಿದೂ ಹಾಕಿದ್ದೆ. ದೇವಸ್ಥಾನದ ಜಗಲಿಗೆ ಬರುವಷ್ಟರಲ್ಲಿ ಮುರಿದು, ತುಳಿದು, ಆ ಮನೆತನಕ್ಕೆ ಶಾಪವನ್ನೂ ಹಾಕಿದ್ದೆ. ಮಗು ಹೋದದ್ದು ಹಣೆಬರಹ, ಅದಕ್ಕೆ ಯಾರೇನು ಮಾಡಲಾಗುತ್ತದೆ ಎಂದು ಮೇಷ್ಟರು ತೀರ್ಪು ಕೊಟ್ಟಿದ್ದರು. ಕೊಡೆ ಮಾತ್ರ ಹಣೆಬರಹಕ್ಕೆ ಸೇರಲಿಲ್ಲ, ಅದು ನನ್ನ ಕೊಬ್ಬು.

ಯಜಮಾನರು ಮೈಸೂರಿನಿಂದ ಬಂದು ವಿಷಯ ಕೇಳಿ ಬಹಳ ನೊಂದುಕೊಂಡರಂತೆ. "ನನಗಾಗಿ ಕಾಯಿರಿ ಅಂತ ನಾನು ಯಾವತ್ತಾದರೂ ಯಾರಿಗಾದರೂ ಹೇಳಿದ್ದೇನೆಯೇ?" ಎಂದು ಕೇಳಿದರಂತೆ. ನನಗೆ ಇನ್ನಷ್ಟು ಸಿಟ್ಟು ಬಂದದ್ದು ಅದು ನಿಜವೆಂಬುದಕ್ಕೆ. ಅವರು ಹೇಳಿರಲಿಲ್ಲ. ಪ್ರತಿ ಸಲ ಬಸ್ಸು ನಿಂತಾಗ ಬೇಡವೆಂದೂ ಹೇಳಿರಲಿಲ್ಲ, ಅದು ಬೇರೆ ಮಾತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಗಳು ನಮ್ಮ ಬಸ್ಸಿನ ತುಂಬ ಕೂತಿದ್ದರು. ಅಂಗಳ ಗುಡಿಸುತ್ತಿದ್ದ ಹೆಂಗಸನ್ನು ಕೆಲಸದಿಂದ ಬಿಡಿಸಿದರು. ಒದ್ದೆ ಕೊಡೆ ಒಣಹಾಕಿದ ತಪ್ಪಿಗೆ ಈ ಇಡೀ ಪ್ರಕರಣದಲ್ಲಿ ಶಿಕ್ಷೆ ಆದದ್ದು ಅವಳೊಬ್ಬಳಿಗೆ.

ನನ್ನ ಗಂಡ ಕ್ಯಾಂಪು ಮುಗಿಸಿ, ಹಾಸನಕ್ಕೆ ಹೋಗಿ ತಂಗಿಯನ್ನು ನೋಡಿಕೊಂಡು ಬಂದರು. ಬರುವಾಗ ಒಂದು ಹೊಸ ಕೊಡೆ ಕೊಂಡು, ದಾರಿಯಲ್ಲಿ ಇಳಿದು, ಆ ಮನೆಗೆ ಕೊಟ್ಟು ತಪ್ಪಾಯಿತೆಂದು ಹೇಳಿ ಬಂದರು. ಇದನ್ನೂ ನನಗೆ ಹೇಳಿದ್ದು ಬಾವಿಕಟ್ಟೆಯೇ. ಮನೆಗೆ ಬಂದು ಕೇಳಿದರೆ, "ನಾವು ಇಲ್ಲೇ ಬಾಳಬೇಕಲ್ಲ" ಎಂದರು. ನಾನು ಬಹಳ ದಿನ ಅವರ ಜೊತೆ ಮಾತಾಡಲಿಲ್ಲ. ಊಟಕ್ಕೆ ಬಡಿಸುತ್ತಿದ್ದೆ, ಅಷ್ಟೇ.

ಮುಂದಿನ ಭಾನುವಾರ ಹಾಸನಕ್ಕೆ ಅದೇ ಬಸ್ಸಿನಲ್ಲಿ ಹೊರಟೆ. ಗೇಟಿನಲ್ಲಿ ಕೊಡೆ ಇರಲಿಲ್ಲ. ಆದರೂ ಡ್ರೈವರ್ ನಿಧಾನ ಮಾಡಿ, ಕತ್ತು ಚಾಚಿ ಒಳಗೆಲ್ಲ ನೋಡಿ, ಆಮೇಲೆ ಮುಂದೆ ಹೋದ. ಮೇಷ್ಟರು ಅವತ್ತೂ ಇದ್ದರು. ಹಾಸನದಿಂದ ಬರುತ್ತಿದ್ದ ನಾಲ್ಕು ಪುಟದ ಪೇಪರನ್ನು ಬಸ್ಸಿಗೆಲ್ಲ ಕೇಳುವಂತೆ ಓದಿದರು. ಅರಕಲಗೂಡಿನ ಗಣ್ಯರೊಬ್ಬರು ಹೆರಿಗೆ ವಾರ್ಡಿನ ರೋಗಿಗಳಿಗೆಲ್ಲ ಹಣ್ಣು ಹಂಚಿದರೆಂದು ಬಂದಿತ್ತು. "ನೋಡಿದಿರಾ, ಇದು ದೊಡ್ಡತನ" ಎಂದು ನನ್ನ ಕಡೆ ತಿರುಗಿ ಹೇಳಿದರು. ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅದೂ ಸಂಜೆಗೆ ಸುದ್ದಿಯಾಯಿತು.

ವಾರ್ಡಿನಲ್ಲಿ ನಾದಿನಿ ದಿಂಬಿಗೆ ಒರಗಿ ಕೂತಿದ್ದಳು. ಅತ್ತೆ ಬಿಸಿನೀರು ತರಲು ಹೋಗಿದ್ದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಎರಡು ಕಿತ್ತಳೆ ಹಣ್ಣು. ಒಂದನ್ನು ಸುಲಿಯುತ್ತಾ ಅವಳು ಹೇಳಿದಳು, "ಯಜಮಾನರು ಬಂದಿದ್ದರು ಅತ್ತಿಗೆ. ಎಷ್ಟು ದೊಡ್ಡ ಮನುಷ್ಯರು, ನನ್ನ ಮಂಚದ ಹತ್ತಿರ ನಿಂತು ಕಣ್ಣೊರೆಸಿಕೊಂಡರು. ನನ್ನ ದೇಹದಲ್ಲೇ ಏನೋ ಐಬು. ಅದರ ಮೇಲೆ ಹಾಳು ಬಸ್ಸು ಬೇರೆ ಅವತ್ತೇ ಕೆಡಬೇಕೇ?"

"ಬಸ್ಸು ಕೆಟ್ಟಿತ್ತು ಅಂತ ಯಾರು ಹೇಳಿದರು?"

"ಆ ನೋವಿನಲ್ಲಿ ನನ್ನ ಕಿವಿಗೆ ಏನೂ ಬೀಳಲಿಲ್ಲ. ಅಮ್ಮ ಹೇಳಿದಳು. ಅಣ್ಣನೂ ಹಾಗೇ ಹೇಳಿದ."

ಹೇಳಬೇಡವೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ. ಅವಳು ಇಡೀ ಜನ್ಮ ತನ್ನ ಮೈಯನ್ನೇ ಬೈದುಕೊಂಡು, ಆ ಮನುಷ್ಯರಿಗೆ ಕೈಮುಗಿದುಕೊಂಡು ಬಾಳುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಬಸ್ಸು ಕೆಟ್ಟಿರಲಿಲ್ಲ ಎಂದೆ. ಯಾಕೆ ನಿಂತಿತ್ತು, ಕೊಡೆ ಯಾಕೆ ಅಲ್ಲಿತ್ತು, ಯಜಮಾನರು ಎಲ್ಲಿದ್ದರು, ಎಲ್ಲವನ್ನೂ ಹೇಳಿದೆ.

ಅವಳು ಅಳಲಿಲ್ಲ. ಸುಲಿದ ಹಣ್ಣನ್ನು ಸ್ಟೂಲಿನ ಮೇಲೆ ಇಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಒಂದೇ ಒಂದು ಮಾತು ಕೇಳಿದಳು.

"ಬಸ್ಸಲ್ಲಿ ಎಷ್ಟು ಜನ ಇದ್ದರು ಅತ್ತಿಗೆ?"

"ತುಂಬಿತ್ತು" ಎಂದೆ.