ರಾಜರ ತಲೆ ಬಗ್ಗಿಸುವ ಬರಗೇರಮ್ಮ

ಬೆಳಗಿನ ಐದೂವರೆ. ಚಿತ್ರದುರ್ಗದ ಕೋಟೆ ಬಂಡೆಗಳ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಕೆಳಗಿನ ಓಣಿಯ ಒಂದು ತಾರಸಿ ಮೇಲೆ ಮಾತ್ರ ಆಗಲೇ ರಾಜಸಭೆ ನೆರೆದಿದೆ. ಹಗ್ಗದ ಮೇಲೆ ಮಂತ್ರಿಯ ನಿಲುವಂಗಿ, ಪಕ್ಕದಲ್ಲಿ ಸೇನಾಪತಿಯ ಮಖಮಲ್ಲು, ಚಾಪೆಯ ಮೇಲೆ ಸಾಲಾಗಿ ಕುಂತ ಏಳು ಕಿರೀಟ. ನಡುವೆ ಸೆರಗು ಸಿಕ್ಕಿಸಿಕೊಂಡು ಐವತ್ತೆಂಟರ ಬರಗೇರಮ್ಮ ಒಂದೊಂದೇ ಕಿರೀಟ ಮಗುಚಿ, ಒಳಗಿನ ಬಟ್ಟೆ ಬಿಚ್ಚಿ ಹೊಸದು ಹೊಲಿಯುತ್ತಿದ್ದಾರೆ.

"ಕುಂತ್ಕಳ್ರಿ. ಅದ್ರ ಮೇಲಲ್ಲ, ಅದು ಸಿಂಹಾಸನದ ದಿಂಬು," ಎನ್ನುತ್ತಾರೆ. ಕೈ ಮಾತ್ರ ನಿಲ್ಲುವುದಿಲ್ಲ. "ಬೆವರಿನ ಬಟ್ಟೆ ಹಂಗೇ ಬಿಟ್ರೆ ಮುಂದಿನ ರಾಜನಿಗೆ ತಲೆ ಕಡಿತ ಶುರುವಾಗ್ತೈತೆ. ಆಮೇಲೆ ಆಸ್ಥಾನದಾಗೆ ಕೆರ್ಕಂತ ನಿಂತ್ಕಂತಾನೆ."

ಬರಗೇರಮ್ಮ ನಾಟಕದ ಡ್ರೆಸ್ ಬಾಡಿಗೆಗೆ ಕೊಡುವವರು. ಮಾವ ಕಟ್ಟಿದ ಅಂಗಡಿ, ಗಂಡ ನಡೆಸಿದ್ದು. ಗಂಡ ತೀರಿದ ಮೇಲೆ ಹದಿನಾರು ವರ್ಷದಿಂದ ಇವರೇ ನಡೆಸುತ್ತಿದ್ದಾರೆ. ಹನ್ನೊಂದು ಟ್ರಂಕು, ನಲವತ್ತೆರಡು ಕಿರೀಟ, ಭುಜಕೀರ್ತಿಗಳಿಗೆ ಲೆಕ್ಕವಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಯಾವ ಊರಿನವರು ನಾಟಕ ಕಲಿತರೂ ಬಣ್ಣ ಹಚ್ಚುವ ದಿನ ಇವರ ಟ್ರಂಕು ಟೆಂಪೋದಲ್ಲಿ ಹೋಗಬೇಕು. ಕಿತ್ತುಹೋದ ಕನ್ನಡಿ ಚೂರುಗಳನ್ನು ಹುಣಸೆ ಬೀಜದ ಅಂಟಿನಲ್ಲಿ ಕೂರಿಸುವುದು ಇವರ ಕೈಗೆ ಮಾತ್ರ ಒಲಿದ ಕೆಲಸ. ಒಂದು ಕಿರೀಟಕ್ಕೆ ಅರ್ಧ ದಿನ ಬೇಕು.

ಕೊರೊನಾ ಬಂದಾಗ ಟ್ರಂಕುಗಳು ಎರಡು ವರ್ಷ ನಾಟಕಕ್ಕೆ ಹೊರಡಲಿಲ್ಲ. ಮಖಮಲ್ಲಿಗೆ ಬೂಷ್ಟು ಹಿಡಿಯಿತು, ಇಲಿಗಳು ಮಂತ್ರಿಯ ಗಡ್ಡ ತಿಂದವು. "ರಾಣಿ ಲಂಗದ ಲೈನಿಂಗ್ ಬಿಚ್ಚಿ ಓಣಿಗೆಲ್ಲ ಮಾಸ್ಕ್ ಹೊಲ್ದೆ. ಸೇನಾಪತಿ ನಿಲುವಂಗಿ ಮಾತ್ರ ಮುಟ್ಲಿಲ್ಲ. ಅದಕ್ಕೆ ಕತ್ರಿ ಹಾಕಿದ್ರೆ ನಾಟ್ಕ ಮತ್ತೆ ಆಗಾದೇ ಇಲ್ಲ ಅನ್ಸಾದು," ಎನ್ನುತ್ತಾರೆ. ರೋಗ ಹೋದ ಮೇಲೂ ಊರುಗಳು ಮೊದಲಿನಂತೆ ನಾಟಕ ಹಿಡಿಯಲಿಲ್ಲ. ಮದುವೆ ಮಂಟಪ ಕಟ್ಟುವವರೊಬ್ಬರು ಕಿರೀಟಗಳನ್ನೆಲ್ಲ ಅಲಂಕಾರಕ್ಕೆ ಕೊಂಡುಕೊಳ್ಳುತ್ತೇವೆಂದು ಬಂದಿದ್ದರು. ಬರಗೇರಮ್ಮ ಹೆಚ್ಚುಕಡಿಮೆ ಒಪ್ಪಿಯೇಬಿಟ್ಟಿದ್ದರು.

ಅಷ್ಟರಲ್ಲಿ ನಗರಸಭೆ ಸ್ಥಳೀಯ ಕಲೆಗಳನ್ನು ಮೇಲೆತ್ತಲು ಹಣ ತೆಗೆದಿಟ್ಟಿತು. ಆರು ವಾರ್ಡುಗಳಲ್ಲಿ ಆರು ನಾಟಕ, ತಂಡಕ್ಕೂ ಡ್ರೆಸ್ಸಿನವರಿಗೂ ಸಂಭಾವನೆ. ಷರತ್ತು ಒಂದೇ: ಸಂಜೆ ಆರಕ್ಕೆ ಶುರುವಾಗಿ ಎಂಟೂವರೆಗೆ ಮುಗಿಯಬೇಕು. ಮೊದಲ ಎರಡೂ ಸಮಯ ಮೀರಿದರೆ ಉಳಿದ ನಾಲ್ಕು ಸಂಜೆ ಬೇರೆ ಕಲೆಗೆ ಹೋಗುತ್ತವೆ.

ಮೊದಲ ನಾಟಕಕ್ಕೆ ಬಂದವರು ಮತ್ತೋಡಿನ ತಂಡ. ಬೆಳಗಿನವರೆಗೆ ಆಡಿ ರೂಢಿ ಇದ್ದವರು. ಅವರ ನಾಟಕದಲ್ಲಿ ಒಬ್ಬೊಬ್ಬರ ಪ್ರವೇಶಕ್ಕೂ ಮೂರು ಹಾಡು. ಪ್ರತಿ ಹಾಡಿಗೂ ನೆಂಟರು ಹಾರ ಹಿಡಿದು ರಂಗಕ್ಕೆ ಹತ್ತುತ್ತಾರೆ, ಹಿಂದಿನಿಂದ "ಒನ್ಸ್ ಮೋರ್" ಕೂಗು ಬೇರೆ. ಎಂಟೂವರೆ ಹೊಡೆದಾಗ ಒಂಬತ್ತು ಪಾತ್ರಗಳಲ್ಲಿ ಐದು ಮಾತ್ರ ರಂಗಕ್ಕೆ ಬಂದಿದ್ದವು. ಕಥೆ ಇನ್ನೂ ಶುರುವೇ ಆಗಿರಲಿಲ್ಲ. ರಾಣಿ ಪಾತ್ರದವರು ಹಚ್ಚಿದ ಬಣ್ಣದಲ್ಲೇ ಆಟೋ ಹತ್ತಿ ಮನೆಗೆ ಹೋದರು.

"ನಗರಸಭೆ ಮೇಡಮ್ಮು ಮುಂದಿನ ಸಾಲಿಂದ ಎದ್ದು ನಿಂತ್ರು ನೋಡ್ರಿ, ನನ್ ಎದೆ ಧಸಕ್ಕಂತು. ನಾಲ್ಕು ನಾಟ್ಕ ಹೋದ್ರೆ ಟ್ರಂಕು ಮಂಟಪದೋರ ಪಾಲೇ," ಎನ್ನುತ್ತಾರೆ ಬರಗೇರಮ್ಮ. ಆ ಮೇಡಂ, ಕಾರ್ಯಕ್ರಮದ ಉಸ್ತುವಾರಿ ಕಾವ್ಯಶ್ರೀ, ಬೈಯಲಿಲ್ಲ. ಇನ್ನೊಂದೇ ಅವಕಾಶ ಉಳಿದಿದೆ ಎಂದಷ್ಟೇ ನೆನಪಿಸಿದರು.

ಎರಡನೆಯ ನಾಟಕಕ್ಕೂ ಅದೇ ತಂಡ. ಹಾರ್ಮೋನಿಯಂ ಮೇಷ್ಟ್ರು ಗೊಲ್ಲಪ್ಪ ಹಾಡು ಕಡಿಮೆ ಮಾಡ್ರಪ್ಪ ಎಂದು ಬೇಡಿಕೊಂಡರು. ಎಲ್ಲರೂ ಪಕ್ಕದವನ ಹಾಡು ಕಡಿಮೆ ಮಾಡಲು ಒಪ್ಪಿದರು. ಆಗ ಬರಗೇರಮ್ಮ ಮಾತಿಗೆ ಬಂದರು. ಇವರ ಅಂಗಡಿಯ ಹಳೆಯ ಪದ್ಧತಿಯೊಂದಿದೆ: ಸೀನು ಮುಗಿದು ಒಳಬಂದವರು ಕಿರೀಟ ತೆಗೆದು ಇವರ ಕೈಗೆ ಕೊಡಬೇಕು, ಮುಂದಿನ ಸೀನಿಗೆ ಇವರೇ ಕಟ್ಟುತ್ತಾರೆ.

"ಒಂದು ಪ್ರವೇಶ, ಒಂದು ಹಾಡು. ಒನ್ಸ್ ಮೋರ್ ಅಂದ್ರು ಅಂತ ನಿಂತ್ಕಂಡ್ರೆ ಮುಂದಿನ ಸೀನಿಗೆ ಕಿರೀಟ ಕೊಡಲ್ಲ," ಎಂದರು.

ರಾಜನ ಪಾತ್ರದ ಸಣ್ಣತಿಮ್ಮಪ್ಪ ಕುರಿ ಸಾಕುವವರು. ಕಂಠ ದೊಡ್ಡದು. "ಕಿರೀಟ ಇಲ್ದೆ ರಾಜ ಹೆಂಗಕ್ಕ ಹೋಗ್ತಾನೆ?" ಎಂದು ನಕ್ಕರು.

"ಟವಲ್ ಸುತ್ಕಂಡು ಹೋಗು. ಕುರಿ ಹೊಡ್ಕಂಡು ದಿನಾ ಹಂಗೇ ಹೋಗ್ತೀಯಲ್ಲ."

"ನನ್ ಭಾವಮೈದ್ರು ಹಾರ ತಂದಾರೆ ಅಕ್ಕ."

"ನಾಟ್ಕ ಮುಗುದ್ಮೇಲೆ ಹಾಕ್ಲಿ. ಹೂವು ಅಷ್ಟೊತ್ತಿಗೇ ಬಾಡಾದಿಲ್ಲ."

ಸಂಜೆ ರಾಜ ಹಾಡಿದ. ಜನ ಸಿಳ್ಳೆ ಹಾಕಿದರು, ಒನ್ಸ್ ಮೋರ್ ಎಂದರು. ಸಣ್ಣತಿಮ್ಮಪ್ಪ ಬಾಯಿ ತೆರೆದೂ ಆಗಿತ್ತು. ಒಮ್ಮೆ ಪರದೆ ಕಡೆ ನೋಡಿದರು. ಅಲ್ಲಿ ಬರಗೇರಮ್ಮ ಯುದ್ಧದ ಸೀನಿನ ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ದಾರವನ್ನು ನಿಧಾನಕ್ಕೆ ಬಿಚ್ಚುತ್ತಿದ್ದರು. ರಾಜ ಜನರಿಗೆ ಕೈ ಮುಗಿದು ಮಾತಿಗೆ ಇಳಿದುಬಿಟ್ಟ. ರಾಜನೇ ಹಾಗೆ ಮಾಡಿದ ಮೇಲೆ ಮಂತ್ರಿಯದೇನು ಮಾತು? ಎಂಟು ಇಪ್ಪತ್ತೈದಕ್ಕೆ ಮಂಗಳ ಹಾಡಿದರು. ಊರಿನವರ ನೆನಪಿನಲ್ಲಿ ಈ ನಾಟಕದ ಕೊನೆಯ ಸೀನನ್ನು ಜನ ಎಚ್ಚರವಾಗಿ ಕುಂತು ನೋಡಿದ್ದು ಇದೇ ಮೊದಲಂತೆ. "ಕೊನೆಗೆ ರಾಜ ಗೆಲ್ತಾನೆ ಅಂತ ನನಗೂ ಗೊತ್ತಿರಲಿಲ್ಲ," ಎಂದು ಗೊಲ್ಲಪ್ಪ ಮೇಷ್ಟ್ರು ಇವತ್ತಿಗೂ ತಮಾಷೆ ಮಾಡುತ್ತಾರೆ.

ಕಾವ್ಯಶ್ರೀ ಒಳಗೆ ಬಂದು ಕೇಳಿದರಂತೆ, "ಅಮ್ಮ, ಇವರ ನಾಟಕ ಹೆಂಗೆ ಟೈಮಿಗೆ ಮುಗಿಸಿದ್ರಿ?"

"ನಾನೇನ್ ಮಾಡ್ಲಿಲ್ಲವ್ವ. ಕಿರೀಟ ಕೊಡ್ತಾ, ತಗಳ್ತಾ ಇದ್ದೆ, ಅಷ್ಟೆ."

ಉಳಿದ ನಾಲ್ಕು ನಾಟಕ ಗಟ್ಟಿಯಾಗಿವೆ. ಮುಂದಿನದು ಚಂದ್ರವಳ್ಳಿ ಕಡೆಯ ವಾರ್ಡಿನಲ್ಲಿ. ಎರಡೂವರೆ ಗಂಟೆಯಾದರೆ ನಾವೂ ಆಡಿಸುತ್ತೇವೆ ಎಂದು ಹಿರಿಯೂರಿನಿಂದ ಫೋನು ಬಂದಿದೆಯಂತೆ. ಮಂಟಪದವರಿಗೆ ಬರಗೇರಮ್ಮ ಇಲ್ಲ ಎಂದು ಹೇಳಿ ಕಳಿಸಿದ್ದಾರೆ.

ಬಿಸಿಲು ತಾರಸಿಗೆ ಇಳಿದಿದೆ. ಕೊನೆಯ ಕಿರೀಟದ ಹೊಲಿಗೆ ಮುಗಿಸಿ ದಾರ ಕಚ್ಚಿ ಕತ್ತರಿಸುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ ಸ್ವಲ್ಪ ನಾಚುತ್ತಾರೆ.

"ಒಂದ್ಸಲ ಮುಂದೆ ಕುರ್ಚಿ ಮ್ಯಾಲೆ ಕುಂತು ನಾಟ್ಕ ನೋಡ್ಬೇಕು ಅಂತೈತೆ. ಇಷ್ಟು ವರ್ಷ ಎಲ್ಲರ ಬೆನ್ನೇ ನೋಡಿರಾದು." ಕಿರೀಟವನ್ನು ಟ್ರಂಕಿಗೆ ಇಳಿಸುತ್ತ ಏನೋ ಯೋಚಿಸಿ, ತಲೆ ಅಲ್ಲಾಡಿಸುತ್ತಾರೆ. "ಬ್ಯಾಡ ಬಿಡ್ರಿ. ನಾನು ಮುಂದೆ ಕುಂತ್ರೆ ಇವ್ರು ಹಾಡ್ತಾ ಹಾಡ್ತಾ ಬೆಳಗು ಮಾಡ್ತಾರೆ."